ಪ್ರಯೋಗಾಲಯ ಬಿಟ್ಟವರೆಲ್ಲ ಕೆಟ್ಟವರಲ್ಲ



ಪಿಎಚ್.ಡಿ.ಗೆ ಆರು ವರ್ಷ, ಅದಾದ ಮೇಲೆ ಇನ್ನೂ ಮೂರು ವರ್ಷ, ಒಟ್ಟು ಒಂಬತ್ತು ವರ್ಷ ಬೆಂಗಳೂರಿನ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳ ಜೊತೆ ಕಳೆದವಳು ನಾನು. ಒಂದು ದಿನ ಬಿಳಿ ಕೋಟು ಕಳಚಿಟ್ಟು, ವಿಜ್ಞಾನವನ್ನು ಕನ್ನಡದಲ್ಲಿ ಜನರಿಗೆ ಹೇಳುವ ಕೆಲಸಕ್ಕೆ ಬಂದೆ. ಅದೇ ವರ್ಷ ಊರ ಜಾತ್ರೆಗೆ ಹೋದಾಗ ನಮ್ಮ ಕಾಕಾ ತೇರಿನ ಮುಂದೆಯೇ ನಿಲ್ಲಿಸಿ ಕೇಳಿದರು: "ಅಲ್ಲವಾ ತಂಗೀ, ಇಷ್ಟ ವರ್ಷ ಓದಿದ್ದು ಹೊಳ್ಯಾಗ ಹುಣಸಿಹಣ್ಣ ತೊಳದಂಗ ಆತಲ್ಲ?" ಕಾಕಾ ಏಳನೇ ಇಯತ್ತೆ ಓದಿದವರು, ಅವರ ಮಾತಿಗೆ ನನಗೆ ಸಿಟ್ಟಿಲ್ಲ. ಆದರೆ ಅದಕ್ಕೂ ಒಂದು ತಿಂಗಳು ಮೊದಲು, ದೇಶವಿದೇಶ ಸುತ್ತಿದ ಹಿರಿಯ ಪ್ರಾಧ್ಯಾಪಕರೊಬ್ಬರು ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ್ದರು. ಒಳ್ಳೆಯ ಕೈ ಇತ್ತು, ವ್ಯರ್ಥವಾಯಿತು ಎಂದರು. ಲೇಖನ ಬರೆಯುವುದು ನಿವೃತ್ತರಾದ ಮೇಲೆ ಮಾಡುವ ಕೆಲಸ ಎಂದೂ ಸೇರಿಸಿದರು.

ಓದಿದವರೂ ಓದದವರೂ ಒಂದೇ ಮಾತು ಆಡುತ್ತಾರೆ ಎಂದರೆ ಆ ಮಾತು ನಮ್ಮ ಸಮಾಜದಲ್ಲಿ ಎಷ್ಟು ಆಳಕ್ಕೆ ಇಳಿದಿದೆ ನೋಡಿ. ಜ್ಞಾನವನ್ನು ಹುಟ್ಟಿಸುವುದು ದೊಡ್ಡದು, ಅದನ್ನು ಜನರ ಮಾತಿನಲ್ಲಿ ಹೇಳುವುದು ಸಣ್ಣದು, ಮೊದಲನೆಯದು ಕೈಲಾಗದವರು ಎರಡನೆಯದಕ್ಕೆ ಇಳಿಯುತ್ತಾರೆ ಎಂಬ ನಂಬಿಕೆ ಇದು. ಈ ನಂಬಿಕೆ ಸುಳ್ಳು ಮಾತ್ರವಲ್ಲ, ಅದರಿಂದ ಮನುಷ್ಯರಿಗೆ ಕೇಡಾಗುತ್ತಿದೆ. ಆ ಕೇಡಿನಲ್ಲಿ ನಮ್ಮ ಸಂಸ್ಥೆಗಳ ಪಾಲೂ ಇದೆ. ಅದನ್ನು ಬೇರೆ ಕಡೆ ಬರೆಯುವುದಕ್ಕಿಂತ ನಮ್ಮವರೇ ಓದುವ ಈ ಪತ್ರಿಕೆಯಲ್ಲಿ ಬರೆಯುವುದು ನ್ಯಾಯ.

ನೀರಿನ ವಿಷಯದಿಂದ ಶುರು ಮಾಡುತ್ತೇನೆ. ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ ಎಂಬುದು ಹೊಸ ಸುದ್ದಿಯಲ್ಲ. ಪಾವಗಡ, ಕೋಲಾರದ ಕಡೆಯೂ ಇದೇ ಕಥೆ. ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಮ್‌ನೊಳಗೆ ಇದ್ದರೆ ಒಳ್ಳೆಯದು, ಬೇರೆ ನೀರಿನ ದಾರಿಯೇ ಇಲ್ಲದಿದ್ದರೆ 1.5 ಮಿಲಿಗ್ರಾಮ್‌ವರೆಗೆ ಸಹಿಸಬಹುದು ಎನ್ನುವುದು ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರನ್ನು ಹಲ್ಲು ಹುಟ್ಟುವ ಕಾಲದಲ್ಲಿ ಕುಡಿದ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆಗಳು ಮೂಡುತ್ತವೆ. ಇನ್ನೂ ಹೆಚ್ಚು ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಮೂಳೆಗೆ ಇಳಿದ ಮೇಲೆ ಅದನ್ನು ಹಿಂದಕ್ಕೆ ತರುವ ಔಷಧಿ ಇಲ್ಲ.

ಆ ಕಡೆಯ ಒಂದು ಹಳ್ಳಿಯಲ್ಲಿ ನಾನು ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆ. ಆಕೆ ಮೊಮ್ಮಕ್ಕಳ ಮೇಲಿನ ಪ್ರೀತಿಗೆ ದಿನಾಲೂ ನೀರನ್ನು ಒಲೆಯ ಮೇಲಿಟ್ಟು, ಕೊಡದ ನೀರು ಮುಕ್ಕಾಲು ಕೊಡವಾಗುವ ತನಕ ಕುದಿಸುತ್ತಿದ್ದಳು. ಕುದಿಸಿದ ನೀರು ಒಳ್ಳೆಯದು ಎಂದು ಆಸ್ಪತ್ರೆಯವರು ಹೇಳಿದ್ದರಂತೆ. ಹೌದು, ವಾಂತಿಭೇದಿಯ ಕ್ರಿಮಿಗಳಿಗೆ ಕುದಿಸುವುದು ಒಳ್ಳೆಯದು. ಆದರೆ ಫ್ಲೋರೈಡ್ ಕ್ರಿಮಿಯಲ್ಲ, ಅದು ಬಂಡೆಯಿಂದ ಕರಗಿ ಬಂದದ್ದು. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಉಪ್ಪು ಹಾಕಿದ ಸಾರನ್ನು ಇಂಗಿಸಿದರೆ ಉಪ್ಪಾಗುವ ಹಾಗೆ ಉಳಿದ ನೀರಿನಲ್ಲಿ ಅದು ಮತ್ತಷ್ಟು ಗಟ್ಟಿಯಾಗುತ್ತದೆ. ಆ ಅಜ್ಜಿ ಸೌದೆ ಸುಟ್ಟು, ಕಣ್ಣಿಗೆ ಹೊಗೆ ತಿಂದು, ಮೊಮ್ಮಕ್ಕಳಿಗೆ ಹೆಚ್ಚು ಫ್ಲೋರೈಡ್ ಕುಡಿಸುತ್ತಿದ್ದಳು. ಊರ ನೀರಿನ ತೊಟ್ಟಿಯ ಗೋಡೆಯ ಮೇಲೆ ಪರೀಕ್ಷೆಯ ಫಲಿತಾಂಶವನ್ನೇನೋ ಬರೆದಿದ್ದರು. ಇಂಗ್ಲಿಷ್ ಅಕ್ಷರ, ಒಂದು ಸಂಖ್ಯೆ, ಪಕ್ಕದಲ್ಲಿ ಅದರ ಮಾನ. ಸಾರಿನ ಉಪ್ಪಿನ ಮಾತನ್ನು ಹೇಳಿದ ಕೂಡಲೇ ಅಜ್ಜಿಗೆ ತಿಳಿಯಿತು. ಅರ್ಧ ನಿಮಿಷವೂ ಬೇಕಾಗಲಿಲ್ಲ. "ಇಷ್ಟ ದಿನ ಯಾರೂ ಹೇಳಲಿಲ್ಲಲ್ಲವಾ" ಎಂದಳು.

ಯಾರೂ ಹೇಳಲಿಲ್ಲ. ಫ್ಲೋರೈಡಿನ ಮೇಲೆ ಸಂಶೋಧನೆ ಆಗಿಲ್ಲವೇ? ಬೇಕಾದಷ್ಟು ಆಗಿದೆ. ಅದನ್ನು ನೀರಿನಿಂದ ತೆಗೆಯುವ ವಿಧಾನಗಳ ಮೇಲೆ ಪಿಎಚ್.ಡಿ. ಪಡೆದವರು ನಮ್ಮ ನಾಡಿನಲ್ಲೇ ಇದ್ದಾರೆ. ಆ ಪ್ರಬಂಧಗಳು ಗ್ರಂಥಾಲಯದ ಕಪಾಟಿನಲ್ಲಿವೆ, ಅಜ್ಜಿಯ ನೀರು ಒಲೆಯ ಮೇಲಿದೆ. ನಡುವಿನ ದಾರಿಯಲ್ಲಿ ನಡೆಯುವವರನ್ನು ನಾವು ಕೆಟ್ಟವರು, ಸೋತವರು ಎನ್ನುತ್ತೇವೆ.

ಮಲೆನಾಡಿನ ಕಡೆಗೆ ಬನ್ನಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಹೊಸ ವೈರಾಣುವನ್ನು ಗುರುತಿಸಿದರು. ಕಾಡಿನ ಊರಿನ ಹೆಸರು ಹೊತ್ತು ಆ ರೋಗ ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ಅಲ್ಲಿಂದ ಇಲ್ಲಿಯವರೆಗೆ ಬೇಸಿಗೆ ಬಂತೆಂದರೆ ಮಲೆನಾಡಿನಲ್ಲಿ ಆ ಭಯ ಬರುತ್ತದೆ. ವೈರಾಣುವನ್ನು ಮನುಷ್ಯನಿಗೆ ದಾಟಿಸುವುದು ಕಾಡಿನ ಒಂದು ಸಣ್ಣ ಹುಳು. ಕರಪತ್ರಗಳು ಅದನ್ನು ‘ಉಣ್ಣೆ’ ಎನ್ನುತ್ತವೆ. ಕೊಟ್ಟಿಗೆಗೆ ತರಗೆಲೆ ತರಲು ಕಾಡಿಗೆ ಹೋಗುವ ಹೆಂಗಸು ಅದನ್ನು ಕರೆಯುವುದು ‘ಉಣುಗು’ ಎಂದು. ಉಣ್ಣೆ ಎಂದರೆ ಬಯಲುಸೀಮೆಯಿಂದ ಕೂಲಿಗೆ ಬಂದವನಿಗೆ ಕಂಬಳಿ ನೆನಪಾದೀತು! ಮಂಗ ಸತ್ತ ಜಾಗಕ್ಕೆ ಯಾಕೆ ಹೋಗಬಾರದು ಎಂಬುದಕ್ಕೂ ಕಾರಣ ಹೇಳಬೇಕು. ಸತ್ತ ಮಂಗನ ಮೈಯಿಂದ ಉಣುಗುಗಳು ಕೆಳಗಿಳಿದು ಸುತ್ತಲಿನ ಎಲೆಗಳಲ್ಲಿ ಬೇರೆ ಮೈಗಾಗಿ ಕಾಯುತ್ತವೆ. ಕಾರಣ ಹೇಳದೆ ‘ಹೋಗಬೇಡಿ’ ಎಂದಷ್ಟೇ ಬರೆದರೆ, ಹೊಟ್ಟೆಪಾಡಿಗೆ ಕಾಡಿಗೆ ಹೋಗುವವರು ಹೋಗಿಯೇ ಹೋಗುತ್ತಾರೆ. ಒಂದು ಪದ ಸರಿ ಆರಿಸುವುದು, ಒಂದು ಕಾರಣ ಹೇಳುವುದು ಸಣ್ಣ ಕೆಲಸವಲ್ಲ. ಅದಕ್ಕೆ ವೈರಾಣು ಗೊತ್ತಿರಬೇಕು, ಉಣುಗೂ ಗೊತ್ತಿರಬೇಕು, ತರಗೆಲೆಯೂ ಗೊತ್ತಿರಬೇಕು.

ನಮ್ಮ ವಿಜ್ಞಾನಿಗಳ ಲೋಕದಲ್ಲಿ ಒಂದು ಶ್ರೇಣಿ ಇದೆ. ಸಿದ್ಧಾಂತದವರು ಪ್ರಯೋಗದವರಿಗಿಂತ ಮೇಲು, ಪ್ರಯೋಗದವರು ಪಾಠ ಮಾಡುವವರಿಗಿಂತ ಮೇಲು, ಪಾಠದವರು ಬರೆಯುವವರಿಗಿಂತ ಮೇಲು, ಇಂಗ್ಲಿಷಿನಲ್ಲಿ ಬರೆಯುವವರು ಕನ್ನಡದಲ್ಲಿ ಬರೆಯುವವರಿಗಿಂತ ಮೇಲು. ಕಟ್ಟಕಡೆಯ ಮೆಟ್ಟಿಲಲ್ಲಿ ಕನ್ನಡದವರು ನಿಂತಿರುತ್ತಾರೆ. ಕಾಯಕದಲ್ಲಿ ಮೇಲು ಕೀಳು ಇಲ್ಲ ಎಂದು ಎಂಟು ನೂರು ವರ್ಷಗಳ ಹಿಂದೆಯೇ ಕೇಳಿದ ಜನ ನಾವು. ಜ್ಞಾನ ಸಂಸ್ಕೃತದ ಕೋಟೆಯಿಂದ ಹೊರಬಂದು ಕನ್ನಡದಲ್ಲಿ ಮಾತಾಡಿದ್ದೇ ನಮ್ಮ ಚರಿತ್ರೆಯ ಹೆಮ್ಮೆ ಎಂದು ವೇದಿಕೆ ವೇದಿಕೆಯಲ್ಲೂ ಹೇಳುತ್ತೇವೆ. ಮಗಳು ಅದೇ ಕೆಲಸಕ್ಕೆ ಹೊರಟರೆ ಮಾತ್ರ ಬೀಗರ ಮುಂದೆ ಅವಳ ಉದ್ಯೋಗ ಹೇಳಲು ನಾಚುತ್ತೇವೆ. (ನನ್ನ ಅವ್ವ ಇಂದಿಗೂ ಕೇಳಿದವರಿಗೆ ‘ಸೈಂಟಿಸ್ಟ್’ ಎಂದೇ ಹೇಳುತ್ತಾಳೆ. ತಿದ್ದುವುದನ್ನು ನಾನು ಬಿಟ್ಟಿದ್ದೇನೆ.)

ಸಾಲದ ಮಾತೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ನಿಂತದ್ದು ಮೈಸೂರು ಅರಸರು ಕೊಟ್ಟ 371 ಎಕರೆ ನೆಲದ ಮೇಲೆ. ಇಂದು ಕೇಂದ್ರದ ಫೆಲೋಶಿಪ್ ಪಡೆದು ಸಂಶೋಧನೆಗೆ ಸೇರುವ ವಿದ್ಯಾರ್ಥಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ, 2023ರಿಂದ. ಅದು ಬೆಂಕಿಪೊಟ್ಟಣ ಕೊಳ್ಳುವಾಗಲೂ ತೆರಿಗೆ ಕಟ್ಟುವ ಆ ಅಜ್ಜಿಯಂಥವರ ಹಣ. ನಾನೂ ವರ್ಷಗಟ್ಟಲೆ ಆ ಹಣ ಉಂಡವಳು. ಅದರಿಂದ ತಿಳಿದದ್ದನ್ನು ಅವಳಿಗೆ ಅರ್ಥವಾಗುವ ಮಾತಿನಲ್ಲಿ ಹೇಳಲು ಹೋದರೆ ‘ಓದು ವ್ಯರ್ಥವಾಯಿತು’ ಎನ್ನುತ್ತಾರಲ್ಲ, ಆ ವ್ಯರ್ಥದ ಲೆಕ್ಕ ಯಾವ ಖಾತೆಯಲ್ಲಿ ಬರೆದದ್ದು?

ಇದು ಹೊಸ ಹಾದಿಯೂ ಅಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ 1918ರಲ್ಲೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ನಡೆಸಿದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಡಾ. ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ವಾರ ವಾರ ಉಪನ್ಯಾಸ ಏರ್ಪಡಿಸಿದರು. ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದಾಗ ಎಷ್ಟು ಜನ ಅವರ ಮೇಲೆ ಮುರಿದುಕೊಂಡು ಬಿದ್ದರು ಎಂಬುದು ಹಿರಿಯರಿಗೆ ನೆನಪಿದೆ. ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರದ ಸಂಶೋಧನೆ ಬಿಡದೆಯೇ ‘ಹಸುರು ಹೊನ್ನು’ ಬರೆದರು. ನಾಗೇಶ ಹೆಗಡೆಯವರು ಭೂವಿಜ್ಞಾನ, ಪರಿಸರ ವಿಜ್ಞಾನ ಓದಿ, ನೈನಿತಾಲಿನಲ್ಲಿ ಪಾಠ ಮಾಡುತ್ತಿದ್ದವರು ಪತ್ರಿಕೆಗೆ ಬಂದರು. ಅವರು ವಿಶ್ವವಿದ್ಯಾಲಯದಲ್ಲೇ ಉಳಿದಿದ್ದರೆ ಒಳ್ಳೆಯ ಪ್ರಾಧ್ಯಾಪಕರಾಗುತ್ತಿದ್ದರು, ಸಂಶಯವಿಲ್ಲ. ಆದರೆ ಪರಿಸರ ಎಂಬ ಮಾತಿಗೆ ಕನ್ನಡದ ಒಂದಿಡೀ ಪೀಳಿಗೆ ಕಿವಿಗೊಟ್ಟದ್ದರಲ್ಲಿ ಅವರ ಬರಹದ ಪಾಲು ಎಷ್ಟೆಂದು ಓದುಗರೇ ಹೇಳಲಿ. ಮೈಸೂರಿನ ಆಹಾರ ಸಂಶೋಧನಾಲಯದಲ್ಲಿದ್ದ ಕೊಳ್ಳೇಗಾಲ ಶರ್ಮ, ರಕ್ಷಣಾ ಸಂಶೋಧನೆಯಲ್ಲಿದ್ದ ಸುಧೀಂದ್ರ ಹಾಲ್ದೊಡ್ಡೇರಿ ನೌಕರಿಯ ಜೊತೆಗೇ ಇದನ್ನೂ ಮಾಡಿದರು. ಹಾಲ್ದೊಡ್ಡೇರಿಯವರು 2021ರಲ್ಲಿ ಹೋದಾಗ ಅವರ ಜಾಗ ತುಂಬಲು ನಾವು ಯಾರನ್ನು ಸಿದ್ಧ ಮಾಡಿಟ್ಟಿದ್ದೆವು?

ಇವರಲ್ಲಿ ಹೆಚ್ಚಿನವರು ಈ ಕೆಲಸವನ್ನು ಬೇರೊಂದು ಸಂಬಳದ ನೆರಳಿನಲ್ಲಿ ಮಾಡಿದರು. ಹಗಲು ನೌಕರಿ, ರಾತ್ರಿ ಕನ್ನಡ. ಇಂಥ ದೊಡ್ಡವರ ರಾತ್ರಿಗಳ ಮೇಲೆ ಒಂದು ಭಾಷೆಯ ವಿಜ್ಞಾನ ಎಷ್ಟು ಕಾಲ ನಡೆದೀತು?

ಒಂದು ಆಕ್ಷೇಪ ನ್ಯಾಯವಾದದ್ದು, ಅದನ್ನು ಒಪ್ಪುತ್ತೇನೆ. ಪ್ರಯೋಗಾಲಯ ಬಿಟ್ಟವರೆಲ್ಲ ಚೆನ್ನಾಗಿ ಬರೆಯುತ್ತಾರೆ ಎಂದೇನಿಲ್ಲ. ನಾನು ಬರೆದ ಮೊದಲ ಲೇಖನವನ್ನು ಅವ್ವನಿಗೆ ಓದಲು ಕೊಟ್ಟೆ. ಎರಡನೇ ಸಾಲಿಗೆ ನಿಲ್ಲಿಸಿ, "ಇದು ಕನ್ನಡ ಹೌದೇನ?" ಎಂದಳು. ಸಂಶೋಧನಾ ಪ್ರಬಂಧದ ಭಾಷೆಯಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ, ಎಲ್ಲವೂ ‘ಮಾಡಲ್ಪಡುತ್ತದೆ’. ಒಂಬತ್ತು ವರ್ಷ ಕಲಿತ ಆ ಭಾಷೆಯನ್ನು ಮರೆಯಲು ನನಗೆ ಎರಡು ವರ್ಷ ಬೇಕಾಯಿತು. ಇನ್ನೊಂದು ಪ್ರಬಂಧದ ಅಂಕಿಗಳನ್ನು ಪರೀಕ್ಷಿಸುವುದು, ಹತ್ತು ಇಲಿಗಳ ಮೇಲಿನ ಪ್ರಯೋಗವನ್ನು ಮನುಷ್ಯರಿಗೆ ಸಿಕ್ಕ ಔಷಧಿ ಎಂದು ಬರೆಯದಿರುವುದು, ವಿಜ್ಞಾನಿಯೇ ಉಬ್ಬಿಸಿ ಹೇಳಿದಾಗ ತಿರುಗಿ ಪ್ರಶ್ನೆ ಕೇಳುವುದು, ಇವೆಲ್ಲ ಕಲಿಯಬೇಕಾದ ವಿದ್ಯೆ. ಒಂದು ಉದಾಹರಣೆ ಕೊಡುತ್ತೇನೆ. ‘ಈ ಮಾತ್ರೆಯಿಂದ ರೋಗದ ಅಪಾಯ ದುಪ್ಪಟ್ಟು’ ಎಂಬ ತಲೆಬರಹ ನೋಡಿ ಹೆದರುತ್ತೇವೆ. ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಬರುತ್ತಿದ್ದುದು ಇಬ್ಬರಿಗೆ ಬಂದರೂ ದುಪ್ಪಟ್ಟೇ, ಸಾವಿರ ಜನರಿಗೆ ಬರುತ್ತಿದ್ದುದು ಎರಡು ಸಾವಿರ ಜನರಿಗೆ ಬಂದರೂ ದುಪ್ಪಟ್ಟೇ. ಎಷ್ಟರ ದುಪ್ಪಟ್ಟು ಎಂದು ಕೇಳುವ ಬುದ್ಧಿಯನ್ನು ಪ್ರಯೋಗಾಲಯ ಕಲಿಸಿರುತ್ತದೆ. ಆದ್ದರಿಂದಲೇ ಅಲ್ಲಿಂದ ಬಂದವರು ಈ ಕೆಲಸಕ್ಕೆ ಬೇಕು. ಅಲ್ಲಿ ಸೋತ ಪ್ರಯೋಗಗಳನ್ನು ಕಂಡವರಿಗೆ ಮಾತ್ರ ವಿಜ್ಞಾನ ಎಲ್ಲಿ ಗಟ್ಟಿ, ಎಲ್ಲಿ ಇನ್ನೂ ಹಸಿ ಎಂಬುದು ಮೈಯಲ್ಲಿ ಗೊತ್ತಿರುತ್ತದೆ.

ಈಗ ಹಣದ ಮಾತು. ಇದನ್ನು ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ, ಆಗಲಿ. ನಮ್ಮ ಸಂಸ್ಥೆಗಳು ಶಾಲೆ ಕಟ್ಟಿವೆ, ಇಂಜಿನಿಯರಿಂಗ್ ಕಾಲೇಜು ಕಟ್ಟಿವೆ, ವೈದ್ಯಕೀಯ ಕಾಲೇಜು ಕಟ್ಟಿವೆ. ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟಿವೆ. ಆ ಋಣವನ್ನು ನಾನು ಮರೆತಿಲ್ಲ, ನಾನೂ ಮಠದ ಪ್ರಸಾದ ಉಂಡು ಓದಿದವಳು. ಆದರೆ ಇಷ್ಟು ದೊಡ್ಡ ಸಂಸ್ಥೆಗಳಲ್ಲಿ ಕನ್ನಡದಲ್ಲಿ ವಿಜ್ಞಾನ ಹೇಳುವುದಕ್ಕೆಂದೇ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಂಡದ್ದನ್ನು ನಾನು ಹೋದ ಕಡೆಯೆಲ್ಲೂ ಕಂಡಿಲ್ಲ. ಪ್ರಯೋಗಾಲಯದ ಉಪಕರಣಕ್ಕೆ ಲಕ್ಷ ಲಕ್ಷ ಇರುತ್ತದೆ, ಕಟ್ಟಡದ ಉದ್ಘಾಟನೆಯ ಪೆಂಡಾಲಿಗೂ ಇರುತ್ತದೆ. ಲೇಖನಕ್ಕೆ, ಉಪನ್ಯಾಸಕ್ಕೆ ಕರೆದಾಗ ಮಾತ್ರ ಒಂದೇ ಮಾತು: "ಇದು ಜ್ಞಾನದಾಸೋಹ, ತಾವು ಸೇವೆ ಅಂತ ಭಾವಿಸಬೇಕು." ನನ್ನ ಮನೆಯಲ್ಲಿ ಈಗ 23 ಶಾಲುಗಳಿವೆ. ಫಲಪುಷ್ಪದ ಬುಟ್ಟಿಗಳ ಲೆಕ್ಕ ಇಟ್ಟಿಲ್ಲ. ಬಸ್ಸಿನ ಚಾರ್ಜನ್ನು ಕೈಯಿಂದ ಹಾಕಿ, ನೂರೈವತ್ತು ಕಿಲೋಮೀಟರ್ ಹೋಗಿ ಬಂದು, ಬಾಡಿಗೆ ಕೇಳುವ ಮಾಲೀಕನಿಗೆ ಶಾಲು ಹೊದಿಸಲು ಆಗುವುದಿಲ್ಲ.

ದಾಸೋಹದ ಅರ್ಥವನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಿಕೊಡಬೇಕೇ? ಮೊದಲು ಕಾಯಕ, ಕಾಯಕಕ್ಕೆ ತಕ್ಕ ಪ್ರತಿಫಲ, ಆ ಪ್ರತಿಫಲದಲ್ಲಿ ದಾಸೋಹ. ಪ್ರತಿಫಲವನ್ನೇ ಕೊಡದೆ ದಾಸೋಹ ಮಾಡು ಎಂದರೆ ಅದು ದಾಸೋಹವಲ್ಲ, ಬಿಟ್ಟಿ ಚಾಕರಿ. ಪೆಂಡಾಲು ಹಾಕಿದವನಿಗೆ, ಮೈಕಿನವನಿಗೆ, ಅಡುಗೆಯವರಿಗೆ ಹಣ ಕೊಡುತ್ತೇವೆ, ಕೊಡಲೇಬೇಕು. ಮೈಕಿನ ಮುಂದೆ ನಿಂತು ಫ್ಲೋರೈಡ್ ಎಂದರೇನು ಎಂದು ತಿಳಿಸುವವರಿಗೆ ಮಾತ್ರ ಹಸಿವೆಯೇ ಇಲ್ಲವೇ?

ನಮ್ಮ ಹಿರಿಯರೊಬ್ಬರ ಕಥೆಯೂ ಇಲ್ಲಿ ಬರಬೇಕು. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರು. ಒಳ್ಳೆಯ ವೃತ್ತಿ, ಒಳ್ಳೆಯ ಹೆಸರು. ಅದನ್ನು ಹಿಂದಕ್ಕೆ ಸರಿಸಿ ಮನೆಮನೆಯ ಅಟ್ಟದ ಮೇಲಿನ ತಾಡೋಲೆ ಹುಡುಕುತ್ತ ಹೊರಟರು. 1923ರಲ್ಲಿ ‘ವಚನ ಶಾಸ್ತ್ರ ಸಾರ’ ಹೊರತಂದರು, ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಬಂದ ವೃತ್ತಿ ಬಿಟ್ಟು ಇದಕ್ಕೆ ಬಿದ್ದರಲ್ಲ ಎಂದು ಅಂದಿನ ಯಾವ ಕಾಕಾನೂ ಅನ್ನದೇ ಇರಲಿಲ್ಲ ಎಂದು ನನಗನಿಸುತ್ತದೆ. ಅವರಿಲ್ಲದಿದ್ದರೆ ಇಂದು ನಮ್ಮ ವೇದಿಕೆಗಳಲ್ಲಿ ಆಡಲು ಮಾತೇ ಇರುತ್ತಿರಲಿಲ್ಲ. ಬದುಕಿದ್ದಾಗ ಬಡತನದಲ್ಲಿ ಬಿಟ್ಟು, ಆಮೇಲೆ ಪಿತಾಮಹ ಎಂದು ಭಾವಚಿತ್ರಕ್ಕೆ ಹಾರ ಹಾಕಿದೆವು. ಹಾರ ಹಾಕುವ ಮೊದಲು ಆ ಮನೆ ಮಾರಿದ್ದನ್ನು ಒಮ್ಮೆ ನೆನೆಯಬೇಕು. ತಾಡೋಲೆಯಲ್ಲಿದ್ದುದನ್ನು ಜನರ ಕೈಗೆ ಕೊಡುವುದಕ್ಕೂ, ಪ್ರಬಂಧದಲ್ಲಿ ಇರುವುದನ್ನು ಜನರ ಕೈಗೆ ಕೊಡುವುದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಸರ್ಕಾರ ಮಾಡುತ್ತದೆ ಬಿಡಿ ಎನ್ನುವವರಿದ್ದಾರೆ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯ ಎಂದು 1976ರಲ್ಲಿ ಸಂವಿಧಾನಕ್ಕೆ 51ಎ ವಿಧಿ ಸೇರಿತು. 1989ರಲ್ಲಿ ವಿಜ್ಞಾನವನ್ನು ಜನರಿಗೆ ತಲುಪಿಸಲೆಂದೇ ಕೇಂದ್ರ ಸರ್ಕಾರ ‘ವಿಜ್ಞಾನ ಪ್ರಸಾರ’ ಎಂಬ ಸಂಸ್ಥೆ ಕಟ್ಟಿತು. ಕನ್ನಡದಂಥ ಭಾಷೆಗಳಲ್ಲೂ ಅದು ಕೆಲಸ ಶುರು ಮಾಡಿತ್ತು. 2023ರಲ್ಲಿ ಅದಕ್ಕೆ ಬೀಗ ಬಿತ್ತು. ಕರ್ತವ್ಯ ಸಂವಿಧಾನದಲ್ಲಿ ಉಳಿಯಿತು, ಕಚೇರಿ ಉಳಿಯಲಿಲ್ಲ.

ಖಾಲಿ ಜಾಗ ಖಾಲಿ ಇರುವುದಿಲ್ಲ. ನಾವು ಸಂಬಳ ಕೊಡದ ಮೈಕಿನ ಮುಂದೆ ಬೇರೊಬ್ಬರು ಬಂದು ನಿಲ್ಲುತ್ತಾರೆ. ‘ನಾಸಾದವರೇ ಹೇಳಿದ್ದಾರೆ’ ಎಂದು ಶುರುವಾಗುವ ಮಾತುಗಳನ್ನು ನಮ್ಮ ಸಭೆಗಳಲ್ಲೇ ಎಷ್ಟು ಸಲ ಕೇಳಿಲ್ಲ? ವಿಭೂತಿಯಿಂದ ವಿಕಿರಣ ತಡೆಯುತ್ತದೆ, ಇಷ್ಟಲಿಂಗದಿಂದ ವಿದ್ಯುತ್ ತರಂಗ ಹೊರಡುತ್ತದೆ, ಕ್ವಾಂಟಮ್ ಸಿದ್ಧಾಂತ ನಮ್ಮಲ್ಲಿ ಮೊದಲೇ ಇತ್ತು ಎಂದು ಕೋಟು ಹಾಕಿದವರೊಬ್ಬರು ಹೇಳಿದರೆ ಚಪ್ಪಾಳೆ ಬೀಳುತ್ತದೆ. ಪ್ರಶ್ನೆ ಕೇಳುವುದನ್ನು ಕಲಿಸಿದ ಶರಣರ ಹೆಸರಿನಲ್ಲಿ, ಪ್ರಶ್ನೆ ಕೇಳದ ವಿಜ್ಞಾನ! ಇಷ್ಟಲಿಂಗದ ಮೇಲಿನ ಭಕ್ತಿಗೆ ನಾಸಾದ ಪ್ರಮಾಣಪತ್ರ ಬೇಕಿಲ್ಲ. ಬೇಕು ಎನ್ನುವವರಿಗೆ ಭಕ್ತಿಯೂ ಗೊತ್ತಿಲ್ಲ, ನಾಸಾವೂ ಗೊತ್ತಿಲ್ಲ. ಅಂಥ ಸಭೆಯೊಂದರಲ್ಲಿ ನಾನು ಎದ್ದು ನಿಂತು, ಯಾವ ಪ್ರಯೋಗ, ಯಾವ ವರ್ಷ ಎಂದು ಕೇಳಿದೆ. ಆ ಭಾಷಣಕಾರರಿಗೆ ಲಕೋಟೆ ಸಿಕ್ಕಿತು, ನನಗೆ ಕಾರ್ಯಕ್ರಮದ ನಡುವೆ ಮಾತಾಡಬಾರದು ಎಂಬ ಬುದ್ಧಿಮಾತು ಸಿಕ್ಕಿತು.

ಹಾಗಾಗಿ ಸಂಸ್ಥೆ ನಡೆಸುವ ಹಿರಿಯರಲ್ಲಿ ನೇರವಾಗಿ ಕೇಳುತ್ತೇನೆ. ಒಂದು ವಿಜ್ಞಾನ ಕಾಲೇಜು ಇರುವ ಪ್ರತಿ ಸಂಸ್ಥೆಯೂ ಒಬ್ಬರನ್ನು ನೇಮಿಸಲಿ, ಉಪನ್ಯಾಸಕರಿಗೆ ಕೊಡುವಷ್ಟೇ ಸಂಬಳ ಕೊಡಲಿ. ಆ ಒಬ್ಬರ ಕೆಲಸ ಸುತ್ತಲಿನ ಐವತ್ತು ಹಳ್ಳಿಗಳ ನೀರು, ಮಣ್ಣು, ಬೆಳೆ, ರೋಗದ ಬಗ್ಗೆ ಗೊತ್ತಿರುವ ವಿಜ್ಞಾನವನ್ನು ಆ ಹಳ್ಳಿಗಳ ಮಾತಿನಲ್ಲಿ ಹೇಳುವುದು. ಅವರ ಮೇಲೆ ಸಂಸ್ಥೆಯ ಪ್ರಚಾರದ ಹೊರೆ ಹೊರಿಸಬೇಡಿ, ಅಭಿನಂದನ ಗ್ರಂಥ ಸಂಪಾದಿಸಲು ಕೂರಿಸಬೇಡಿ. ಸಂಸ್ಥೆಗೆ ಇಷ್ಟವಾಗದ ಸತ್ಯ ಹೇಳಿದರೂ ಕೆಲಸ ಹೋಗಬಾರದು.

ಪ್ರಯೋಗಾಲಯಗಳಲ್ಲಿ ಕುಳಿತು ಈ ಪತ್ರಿಕೆ ಓದುವ ತಮ್ಮಂದಿರು, ತಂಗಿಯರು ಕೆಲವರಾದರೂ ಇರಬಹುದು. ನಾಳೆಯೇ ರಾಜೀನಾಮೆ ಬರೆಯಿರಿ ಎಂದು ನಾನು ಹೇಳುವುದಿಲ್ಲ. ಪಿಎಚ್.ಡಿ. ಮುಗಿಸಿ, ಅದರ ನಡುವೆಯೇ ತಿಂಗಳಿಗೊಂದು ಲೇಖನ ಬರೆಯಿರಿ, ವಿಜ್ಞಾನ ಓದದ ಒಬ್ಬರಿಗೆ ಅದನ್ನು ಓದಿ ಹೇಳಿ, ಅವರು ನಿಲ್ಲಿಸಿದಲ್ಲಿ ತಿದ್ದಿ. ಒಂದು ವರ್ಷದ ಖರ್ಚು ಕೈಯಲ್ಲಿಟ್ಟುಕೊಳ್ಳಿ. ಇಂಗ್ಲಿಷಿನಲ್ಲೂ ಬರೆಯಲು ಕಲಿಯಿರಿ, ಸದ್ಯಕ್ಕೆ ಬಾಡಿಗೆ ಬರುವುದು ಅಲ್ಲಿಂದಲೇ. ಸಂಶೋಧನಾ ಸಂಸ್ಥೆಗಳ ಸಂವಹನ ವಿಭಾಗಗಳಲ್ಲಿ ಕೆಲಸಗಳಿವೆ, ನಾನೂ ಅಂಥದೊಂದರ ಅರೆಕಾಲಿಕ ಕೆಲಸದಿಂದಲೇ ಕನ್ನಡದ ಹವ್ಯಾಸ ಸಾಕುತ್ತಿದ್ದೇನೆ. ಹವ್ಯಾಸ ಎಂದು ಬರೆದದ್ದಕ್ಕೆ ನನಗೇ ಸಂಕಟವಾಗುತ್ತದೆ.

ಹೋದ ವಾರ ಒಂದು ಸಂಸ್ಥೆಯಿಂದ ಫೋನ್ ಬಂತು. ಶ್ರಾವಣ ಮಾಸದ ಕಾರ್ಯಕ್ರಮದಲ್ಲಿ ‘ಶರಣರು ಮತ್ತು ವೈಜ್ಞಾನಿಕ ಮನೋಭಾವ’ ಕುರಿತು ಮೂರು ದಿನ ಮಾತಾಡಬೇಕಂತೆ. ಬರುತ್ತೇನೆ ಎಂದೆ. ಎರಡು ವಿಷಯ ಕೇಳಿದೆ: ಒಂದು ದಿನವನ್ನು ಸುತ್ತಲಿನ ಹಳ್ಳಿಗಳ ಕುಡಿಯುವ ನೀರಿನ ಬಗ್ಗೆ ಮಾತಾಡಲು ಬಿಡಬೇಕು, ಮತ್ತು ಸಂಭಾವನೆ ಎಷ್ಟು ಎಂಬುದನ್ನು ಮೊದಲೇ ತಿಳಿಸಬೇಕು. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. "ವಿಚಾರ ಮಾಡಿ ಹೇಳ್ತೀವ್ರಿ ಅಕ್ಕಾರ" ಎಂದು ಇಟ್ಟರು. ಇದನ್ನು ಬರೆಯುವ ಹೊತ್ತಿಗೆ ಇನ್ನೂ ಫೋನ್ ಬಂದಿಲ್ಲ.